ತವರಿನ ಏರು

ನನ್ನ ಹೆಂಡತಿಯ ತವರು ಸೊರಬ ತಾಲ್ಲೂಕಿನಲ್ಲಿ, ಚಂದ್ರಗುತ್ತಿಯ ಹತ್ತಿರದ ಒಂದು ಹಳ್ಳಿ. ನಾವಿರುವುದು ಶಿಕಾರಿಪುರದಲ್ಲಿ. ನಡುವೆ ಶಿರಾಳಕೊಪ್ಪ, ಅದಾದ ಮೇಲೆ ಸೊರಬ. ಎಲ್ಲ ಸೇರಿ ಹೆಚ್ಚೆಂದರೆ ಅರವತ್ತು ಕಿಲೋಮೀಟರಿನ ದಾರಿ. ಬಸ್ಸಿನಲ್ಲಿ ಓಡಾಡುತ್ತಿದ್ದ ಅಷ್ಟೂ ವರ್ಷ ಈ ದಾರಿಯಲ್ಲಿ ಏರು ಅನ್ನುವುದೊಂದು ಇದೆ ಎಂದೇ ನನ್ನ ಗಮನಕ್ಕೆ ಬಂದಿರಲಿಲ್ಲ. ಬಸ್ಸಿನಲ್ಲಿ ಕೂತವನಿಗೆ ಏರೆಲ್ಲ ಡ್ರೈವರನ ಪಾಲು, ಇಳಿಜಾರೆಲ್ಲ ನಿದ್ದೆಯ ಪಾಲು. ಸ್ವಂತ ಕಾರು ಬಂದ ಮೇಲೆಯೇ ದಾರಿಯ ದಿಣ್ಣೆ, ದಿಬ್ಬ, ತಿರುವುಗಳು ಒಂದೊಂದಾಗಿ ಪರಿಚಯವಾದದ್ದು. ಅದರಲ್ಲೂ ಮಾವನ ಮನೆಯ ಏರು.

ಸಂಗತಿ ಇಷ್ಟು. ಕಾರು ಶಿಕಾರಿಪುರದೊಳಗೆ ಚೆನ್ನಾಗಿ ಓಡುತ್ತಿತ್ತು. ಶಾಲೆಗೆ ಹೋಗಿ ಬರುತ್ತಿತ್ತು, ಸಂತೆಗೆ ಹೋಗಿ ಬರುತ್ತಿತ್ತು. ಹೆಂಡತಿಯನ್ನು ಕೂರಿಸಿಕೊಂಡು ತವರಿಗೆ ಹೊರಟರೆ ಮಾತ್ರ ಸೊರಬ ದಾಟಿದ ಮೇಲೆ, ಏರು ಸಿಕ್ಕ ಕಡೆ, ಸತ್ವವೆಲ್ಲ ಬಸಿದುಹೋದ ಹಾಗೆ ಸೊರಗಿ ನಿಂತುಬಿಡುತ್ತಿತ್ತು. ಅದೇ ಕಾರು ಮಾರನೆಯ ದಿನ ವಾಪಸು ಹೊರಟರೆ ಕೊಟ್ಟಿಗೆ ನೆನೆಸಿಕೊಂಡ ಎತ್ತಿನ ಹಾಗೆ ಮನೆಗೆ ಓಡಿಬರುತ್ತಿತ್ತು. ಒಂದು ಸಲ ಆದರೆ ಆಕಸ್ಮಿಕ, ಎರಡು ಸಲ ಆದರೆ ಗ್ರಹಚಾರ. ಮೂರನೇ ಸಲವೂ ಆದಾಗ ನನ್ನ ಹೆಂಡತಿ ಕಾರಿನಿಂದ ಇಳಿದು, ಸೆರಗು ಸಿಕ್ಕಿಸಿಕೊಂಡು, ಕಾರನ್ನು ನೋಡದೆ ನನ್ನನ್ನೇ ನೋಡಿದಳು.

“ರೀ, ನಿಜ ಹೇಳಿ. ಏನು ಮಾಡಿಟ್ಟಿದೀರಿ ಇದಕ್ಕೆ?”

ಮದುವೆಯಾಗಿ ಹದಿನೆಂಟು ವರ್ಷದಲ್ಲಿ ತವರಿಗೆ ಹೋಗುವುದನ್ನು ಮುಂದೂಡಲು ನಾನು ಹೇಳಿದ ನೆಪಗಳ ಪಟ್ಟಿ ಆಕೆಯ ಹತ್ತಿರ ಇತ್ತು. ಪರೀಕ್ಷೆ, ಮೌಲ್ಯಮಾಪನ, ಜನಗಣತಿ, ಚುನಾವಣೆ ಡ್ಯೂಟಿ, ಸೊಂಟನೋವು. ಈಗ ಕಾರು. ಕನ್ನಡದ ಮೇಷ್ಟ್ರಿಗೆ ಬಾನೆಟ್ಟಿನ ಚಿಲಕ ಎಲ್ಲಿದೆ ಎಂಬುದೇ ಸರಿಯಾಗಿ ಗೊತ್ತಿಲ್ಲ, ಏರಿನಲ್ಲಿ ಮಾತ್ರ ನಿಲ್ಲುವಂಥ, ಅದೂ ತವರಿನ ದಿಕ್ಕಿನ ಏರಿನಲ್ಲಿ ಮಾತ್ರ ನಿಲ್ಲುವಂಥ ಕುಶಲ ವಿದ್ಯೆ ಎಲ್ಲಿಂದ ಬರಬೇಕು ಎಂದು ವಾದಿಸಿದೆ. ಆಕೆ ಒಪ್ಪಲಿಲ್ಲ. ಒಪ್ಪದಿದ್ದುದೇ ಸರಿ ಎಂದು ಆಮೇಲೆ ತಿಳಿಯಿತು. ಮಾಡಿಟ್ಟವನು ನಾನೇ. ಆದರೆ ಅದು ನನಗೇ ಗೊತ್ತಿರಲಿಲ್ಲ.

ಕಾರಿನ ವಿಷಯ ಸ್ವಲ್ಪ ಹೇಳಬೇಕು. 1994ರ ಬಿಳಿ ಮಾರುತಿ 800, ಸೆಕೆಂಡ್ ಹ್ಯಾಂಡು. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಇಂದಿರಾ ಗಾಂಧಿಯವರು ಮೊದಲ ಮಾರುತಿಯ ಕೀಲಿ ಕೊಟ್ಟಾಗ ನಾನು ಬಿ.ಎ. ಓದುತ್ತಿದ್ದೆ, ಪತ್ರಿಕೆಯಲ್ಲಿ ಆ ಫೋಟೊ ನೋಡಿ, ಇಂಥದ್ದೊಂದು ನಮ್ಮ ಅಂಗಳದಲ್ಲೂ ನಿಲ್ಲಬಹುದು ಎಂದು ಕನಸಲ್ಲೂ ಅಂದುಕೊಂಡಿರಲಿಲ್ಲ. ಮೂರು ಸಿಲಿಂಡರು, 796 ಸಿಸಿ, ಸುಮಾರು ನಲವತ್ತು ಕುದುರೆಯ ಬಲ. ತೂಕದಲ್ಲಿ ಹಗುರ, ಖರ್ಚಿನಲ್ಲಿ ಹಗುರ, ರಿಪೇರಿಗೆ ಯಾವ ಹಳ್ಳಿಯಲ್ಲಾದರೂ ಕೈ ಹಾಕುವವರುಂಟು. ಎಲ್ಲಕ್ಕಿಂತ ಹೆಚ್ಚಾಗಿ, ಶಿಕಾರಿಪುರದವರಿಗೆ ಮಾರುತಿ ಎಂದರೆ ಮನೆದೇವರ ಹೆಸರು.

ನಮ್ಮೂರಿನ ದೇವರು ಹುಚ್ಚುರಾಯಸ್ವಾಮಿ, ಅಂದರೆ ಆಂಜನೇಯ. ಭ್ರಾಂತೇಶ ಅಂತಲೂ ಹೆಸರು. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ನಮ್ಮ ಭ್ರಾಂತೇಶ, ಈ ಮೂವರನ್ನೂ ಹೊತ್ತು ಮುಳುಗುವುದರೊಳಗೆ ಒಂದೇ ದಿನ ದರ್ಶನ ಮಾಡಿದರೆ ಕಾಶಿಗೆ ಹೋದಷ್ಟು ಪುಣ್ಯ ಎಂಬ ನಂಬಿಕೆ ಈ ಕಡೆ ಇದೆ. ಹಿಂದೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದವರಿಗೆ ಒಂದೇ ದಿನದಲ್ಲಿ ಮೂರೂ ಊರು ಹೇಗೆ ಸಾಧ್ಯವಾಗುತ್ತಿತ್ತೋ ಕಾಣೆ. ಕಾಶಿಯ ಪುಣ್ಯ ಅಷ್ಟು ಸುಲಭಕ್ಕೆ ಸಿಗಬಾರದು ಎಂದೇ ಆ ನಿಯಮ ಇಟ್ಟಿರಬೇಕು. ಕಾರು ಬಂದ ವಾರವೇ ನಾವು ಆ ಸುತ್ತು ಹಾಕಿ ಬಂದೆವು. ಎಲ್ಲಿಯೂ ನಿಲ್ಲಲಿಲ್ಲ. ಗಾಳಿಯ ಮಗನ ಹೆಸರಿಟ್ಟುಕೊಂಡದ್ದಕ್ಕೆ ಗಾಳಿಯ ಹಾಗೇ ಹೋಗಿ ಬಂತು ಎಂದು ನಾನು ಶಾಲೆಯಲ್ಲಿ ಹೇಳಿಕೊಂಡೆ.

ಆ ಸುತ್ತಿನಲ್ಲಿ ಆದದ್ದು ಒಂದೇ ನಷ್ಟ. ಪೆಟ್ರೋಲ್ ಹಾಕಿಸುವಾಗ ಟ್ಯಾಂಕಿನ ಮುಚ್ಚಳ ತೆಗೆದು ಕಾರಿನ ತಲೆಯ ಮೇಲಿಟ್ಟು, ಅಲ್ಲೇ ಮರೆತು ಹೊರಟುಬಿಟ್ಟಿದ್ದೆ. ಒಂದು ವಾರ ಪ್ಲಾಸ್ಟಿಕ್ ಕವರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಕೊಂಡು ಓಡಾಡಿದೆ. ಆಗ ನಮ್ಮ ಬೀದಿಯಲ್ಲಿ ರಾತ್ರಿ ಹೊತ್ತು ಸ್ಕೂಟರುಗಳಿಂದ ಪೆಟ್ರೋಲ್ ಎಳೆಯುವವರ ಕಾಟ ಶುರುವಾಗಿತ್ತು. ಹಾಗಾಗಿ ಶಿವಮೊಗ್ಗಕ್ಕೆ ಹೋದಾಗ ಒಂದು ಅಂಗಡಿಯಲ್ಲಿ ಬೀಗವಿರುವ, ಒಳಗೆ ದಪ್ಪ ರಬ್ಬರಿರುವ ಒಂದು ಗಟ್ಟಿ ಮುಚ್ಚಳ ತಂದು ಹಾಕಿದೆ. “ಇದು ಹಾಕಿದ್ರೆ ಮುಗೀತು ಸಾರ್, ಒಳಗಿನ ವಾಸನೆ ಸಹ ಆಚೆ ಬರಲ್ಲ” ಎಂದಿದ್ದ ಅಂಗಡಿಯವನು. ಈ ಮುಚ್ಚಳದ ವಿಷಯ ಇಲ್ಲಿಗೆ ಬಿಡೋಣ. ನಾನೂ ಬಿಟ್ಟಿದ್ದೆ.

ಮೊದಲ ಸಲ ಕಾರು ನಿಂತದ್ದು ದೀಪಾವಳಿಗೆ. ನಮ್ಮ ಸೀಮೆಯಲ್ಲಿ ದೀಪಾವಳಿ ಎಂದರೆ ಪಟಾಕಿಗಿಂತ ಮೊದಲು ಹೋರಿ ಹಬ್ಬ. ಕೊಂಬಿಗೆ ಬಲೂನು, ಕೊರಳಿಗೆ ಕೊಬ್ಬರಿ ಸರ ಕಟ್ಟಿ ಹೋರಿಗಳನ್ನು ಓಡಿಸುತ್ತಾರೆ. ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಕೀಳುತ್ತಾರೆ. ಶಿಕಾರಿಪುರ, ಸೊರಬ, ಹಿರೇಕೆರೂರು, ಎಲ್ಲ ಕಡೆಯ ಹೋರಿಗಳಿಗೂ ಸಿನಿಮಾ ನಟರಿಗಿರುವಷ್ಟು ಅಭಿಮಾನಿಗಳು. ಬೆಳಿಗ್ಗೆ ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿದೆ. ಅಳಿಯ ಹಬ್ಬಕ್ಕೆ ಹೋಗುವಾಗ ಅರ್ಧ ಟ್ಯಾಂಕಿನಲ್ಲಿ ಹೋಗುವುದು ಸರಿಯಲ್ಲ ಎಂಬುದು ನನ್ನ ಲೆಕ್ಕ. ಸೊರಬದವರೆಗೆ ಏನೂ ಇಲ್ಲ. ಆಮೇಲೆ ಒಂದು ಉದ್ದ ಏರು. ಮೂರನೇ ಗೇರಿನಲ್ಲಿ ಹೋಗುತ್ತಿದ್ದವನಿಗೆ ಕಾಲಡಿಯ ಪೆಡಲು ಪೊಳ್ಳಾದ ಹಾಗೆ ಅನ್ನಿಸಿತು. ಇನ್ನಷ್ಟು ಒತ್ತಿದೆ, ಎಂಜಿನ್ನಿನ ಸದ್ದು ಏರುವ ಬದಲು ಇಳಿಯಿತು. ಎರಡನೇ ಗೇರು. ಎರಡು ಸಲ ಮುಗ್ಗರಿಸಿತು. ಮೊದಲನೇ ಗೇರು. ಯಾರೋ ದೀಪದ ಬತ್ತಿಯನ್ನು ಮೆಲ್ಲಗೆ ಕೆಳಗಿಳಿಸಿದ ಹಾಗೆ ಸದ್ದು ಸಣ್ಣಗಾಗುತ್ತ ಆಗುತ್ತ ನಿಂತೇಹೋಯಿತು. ಮಗ ಇಳಿದು ಹಿಂದಿನ ಗಾಲಿಗೆ ಕಲ್ಲು ಕೊಟ್ಟ. ಹಿಂದಿನಿಂದ ಟ್ರ್ಯಾಕ್ಟರಿನಲ್ಲಿ ಒಂದು ಹೋರಿಯನ್ನು ನಿಲ್ಲಿಸಿಕೊಂಡು ಬರುತ್ತಿದ್ದ ಹುಡುಗರು, “ಮೇಷ್ಟ್ರೆ, ನಿಮ್ಮ ಹೋರಿ ಬೆದರೈತೆ!” ಎಂದು ಕೂಗಿ ಮುಂದೆ ಹೋದರು.

ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿದ ಕಾರು ಕಂಡರೆ ನಮ್ಮ ಜನರೊಳಗಿನ ವೈದ್ಯ ಎಚ್ಚರವಾಗುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಏಳು ಜನ ನಿಂತರು, ಒಂಬತ್ತು ಕಾಯಿಲೆ ಹೇಳಿದರು. ಒಬ್ಬರು ಪ್ಲಗ್ಗು ಅಂದರು. ಒಬ್ಬರು ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾರೆ ಅಂದರು. ಅಡಿಕೆ ವ್ಯಾಪಾರದ ಒಬ್ಬರು ಬಿಸಿ ಏರಿ ಏರ್‌ಲಾಕ್ ಆಗಿದೆ ಎಂದು ಹೇಳಿ, ನನ್ನ ಹೊಸ ಟವೆಲನ್ನು ನೆನೆಸಿ ಪೆಟ್ರೋಲ್ ಪಂಪಿನ ಮೇಲೆ ಹೊದಿಸಿದರು. ಅಂಬಾಸಿಡರ್ ಕಾಲದ ಈ ಹಸಿಬಟ್ಟೆ ಚಿಕಿತ್ಸೆ ಸುಳ್ಳೇನಲ್ಲ. ಬೇಸಿಗೆಯಲ್ಲಿ ಪೆಟ್ರೋಲ್ ಕೊಳವೆಯಲ್ಲೇ ಕುದಿದು ಆವಿಯಾದರೆ ಪಂಪಿಗೆ ಎಳೆಯಲು ದ್ರವವೇ ಸಿಗುವುದಿಲ್ಲ. ತಂಪು ಮಾಡಿದರೆ ಸರಿಹೋಗುತ್ತದೆ. ಇಪ್ಪತ್ತು ನಿಮಿಷದ ಮೇಲೆ ನಮ್ಮ ಕಾರು ಹೊರಟಿತು. ಟವೆಲಿಗೇ ಕೀರ್ತಿ ಬಂತು. ಅಷ್ಟು ಹೊತ್ತು ಸುಮ್ಮನೆ ನಿಂತಿದ್ದರೂ ಅದು ಹೊರಡುತ್ತಿತ್ತು ಎಂಬುದು ಯಾರಿಗೂ ಹೊಳೆಯಲಿಲ್ಲ. ಔಷಧ ಕೊಟ್ಟ ಮೇಲೆ ವಾಸಿಯಾದರೆ ಔಷಧದಿಂದಲೇ ವಾಸಿಯಾಯಿತು ಎಂದುಕೊಳ್ಳುವುದು ಮನುಷ್ಯನ ಹಳೆಯ ಭ್ರಾಂತಿ. ನಮ್ಮದು ಹೇಗೂ ಭ್ರಾಂತೇಶನ ಊರು.

ನಾವು ದಾಟಿ ಬಂದಿದ್ದ ಶಿರಾಳಕೊಪ್ಪದಿಂದ ನಾಲ್ಕೈದು ಕಿಲೋಮೀಟರ್ ಉತ್ತರಕ್ಕೆ ತಾಳಗುಂದ. ಅಲ್ಲಿನ ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಶಾಸನವನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ. ತಾಳಗುಂದದ ಮಯೂರಶರ್ಮ ಓದಲೆಂದು ಗುರು ವೀರಶರ್ಮನ ಜೊತೆ ಕಂಚಿಗೆ ಹೋಗುತ್ತಾನೆ. ಅಲ್ಲಿ ಪಲ್ಲವರ ಒಬ್ಬ ಕುದುರೆ ಸವಾರನ ಜೊತೆ ಜಗಳವಾಗುತ್ತದೆ. ಅವಮಾನ ತಡೆಯದೆ ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟುತ್ತಾನೆ. ಪಾಠ ಮಾಡುವಾಗ ಆತ್ಮಗೌರವ, ಸ್ವಾಭಿಮಾನ ಎಂದೆಲ್ಲ ವಿವರಿಸುತ್ತಿದ್ದೆ. ಏರಿನಲ್ಲಿ ನಿಂತ ಕಾರಿನ ಪಕ್ಕ ಟ್ರ್ಯಾಕ್ಟರ್ ಹುಡುಗರ ನಗು ಕೇಳಿಸಿಕೊಂಡ ಮೇಲೆ ಶಾಸನದ ಅರ್ಥ ಬೇರೆಯೇ ಆಯಿತು. ವಾಹನ ಇದ್ದವನು ಇಲ್ಲದವನನ್ನು ನೋಡುವ ನೋಟವಿದೆಯಲ್ಲ, ಅದರಿಂದ ಒಂದು ರಾಜವಂಶವೇ ಹುಟ್ಟಿದರೂ ಆಶ್ಚರ್ಯವಿಲ್ಲ. ನಾನು ರಾಜ್ಯ ಕಟ್ಟಲಿಲ್ಲ. ಒದ್ದೆ ಟವೆಲ್ ಹಿಂಡಿಕೊಂಡು ಮಾವನ ಮನೆಗೆ ಹೋದೆ.

ಮಾವನಿಗೆ ಆಗ ಎಪ್ಪತ್ತರ ಮೇಲೆ. ಕಾರಿನ ವಿಷಯ ಕೇಳಿ ಅವರು ಮೊದಲು ಹೇಳಿದ್ದು ಇದ್ದಿಲು ಬಸ್ಸಿನ ಕತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದು, ಬಸ್ಸಿನ ಹಿಂದೆ ಒಲೆಯಂಥ ಒಂದು ಉರುಳೆ ಕಟ್ಟಿ, ಇದ್ದಿಲು ಸುಟ್ಟ ಗ್ಯಾಸಿನಿಂದ ಓಡಿಸುತ್ತಿದ್ದರಂತೆ. ಏರು ಬಂದರೆ ಕಂಡಕ್ಟರು ಎಲ್ಲರನ್ನೂ ಇಳಿಸುತ್ತಿದ್ದ. ಗಂಡಸರು ನೂಕಬೇಕು, ಹೆಂಗಸರು ನಡೆಯಬೇಕು, ಮೇಲೆ ಹೋಗಿ ಮತ್ತೆ ಹತ್ತಬೇಕು. “ಟಿಕೀಟು ಮಾತ್ರ ಪೂರಾ” ಎಂದು ನಕ್ಕರು. ಆಮೇಲೆ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಹೇಳಿದರು:

“ಅಳಿಯಂದ್ರೆ, ಎತ್ತು ಏರಲ್ಲಿ ನಿಂತರೆ ಬಾರುಕೋಲು ತಗೀಬಾರದು. ಮೊದಲು ಕೊರಳು ನೋಡಬೇಕು. ಗಾಡಿ ಏರಿಗೆ ಮುಖ ಮಾಡಿದಾಗ ಹೇರು ಹಿಂದಕ್ಕೆ ವಾಲ್ತದೆ. ಮೂಕಿ ಮೇಲೇಳ್ತದೆ. ಆಗ ನೊಗಕ್ಕೆ ಕಟ್ಟಿದ ಕೊರಳ ಹಗ್ಗ ಎತ್ತಿನ ಗಂಟಲನ್ನ ಬಿಗೀತದೆ. ಅದಕ್ಕೆ ಕಾಲಲ್ಲಿ ಶಕ್ತಿ ಇರ್ತದೆ, ಹೊಟ್ಟೆ ತುಂಬಾ ಹುಲ್ಲು ಇರ್ತದೆ. ಉಸಿರಿರಲ್ಲ. ನಿಮ್ಮ ಕಾರಿನ ಕೊರಳು ನೋಡ್ಸಿ.”

ನಾನು “ಹ್ಞೂ” ಅಂದೆ. ಒಳಗೇ ನಗು ಬಂತು. ಕಾರಿಗೆ ಕೊರಳೆಲ್ಲಿದೆ?

ಶಿಕಾರಿಪುರಕ್ಕೆ ಬಂದು ಗ್ಯಾರೇಜು ತಿರುಗಲು ಶುರುಮಾಡಿದೆ. ಮೊದಲನೆಯವರು ಪ್ಲಗ್ ಬದಲಾಯಿಸಿದರು, ಏರ್ ಫಿಲ್ಟರ್ ಕೊಡವಿದರು, ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಅದರ ಜೆಟ್ಟು ಎಂಬ ಸಾಸಿವೆಗಿಂತ ಸಣ್ಣ ತೂತಿನ ಹಿತ್ತಾಳೆ ಮೊಳೆಯನ್ನು ಬಾಯಿಂದ ಊದಿ ಬೆಳಕಿಗೆ ಹಿಡಿದು ನೋಡಿದರು. ಟೆಸ್ಟಿಗೆಂದು ಹುಚ್ಚರಾಯನ ಕೆರೆಯ ಕಡೆ ಒಂದು ಸುತ್ತು ಹೋದೆವು. ಹಕ್ಕಿಯ ಹಾಗೆ ಓಡಿತು. ದುಡ್ಡು ಕೊಟ್ಟೆ. ಮುಂದಿನ ತಿಂಗಳು ತವರಿಗೆ ಹೊರಟೆವು. ಸೊರಬ ದಾಟಿ ನಿಂತಿತು.

ಎರಡನೆಯವರು ಪೆಟ್ರೋಲ್ ಫಿಲ್ಟರು, ಪಂಪು ಬದಲಾಯಿಸಿದರು. ಕ್ಲಚ್ ಪ್ಲೇಟಿನ ಮೇಲೂ ಅವರಿಗೆ ಕಣ್ಣಿತ್ತು. ಅಷ್ಟರಲ್ಲಿ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ನನ್ನ ಕಡೆ ವಕೀಲರಾಗಿ ಬಂದು, ಕ್ಲಚ್ ಪರೀಕ್ಷೆ ಮಾಡಿಸಿದರು: ಹ್ಯಾಂಡ್ ಬ್ರೇಕು ಎಳೆದು, ಮೇಲಿನ ಗೇರಿಗೆ ಹಾಕಿ, ಕ್ಲಚ್ಚನ್ನು ಮೆಲ್ಲಗೆ ಬಿಡಬೇಕು. ಎಂಜಿನ್ ಆಫ್ ಆದರೆ ಕ್ಲಚ್ ಸರಿಯಿದೆ; ಸುಮ್ಮನೆ ಓಡುತ್ತಲೇ ಇದ್ದರೆ ಜಾರುತ್ತಿದೆ. ನಮ್ಮದು ತಕ್ಷಣ ಆಫ್ ಆಯಿತು. ಕ್ಲಚ್ಚಿನ ದುಡ್ಡು ಉಳಿಯಿತು. ಕಲಬೆರಕೆಯ ಅನುಮಾನಕ್ಕೂ ಅವರೇ ಪ್ರಯೋಗಾಲಯದಿಂದ ಫಿಲ್ಟರ್ ಪೇಪರ್ ತಂದು ಒಂದು ಹನಿ ಪೆಟ್ರೋಲ್ ಬಿಟ್ಟರು. ಎರಡು ನಿಮಿಷದಲ್ಲಿ ಆರಿ ಹೋಯಿತು, ಕಲೆ ಉಳಿಯಲಿಲ್ಲ. ಸೀಮೆಎಣ್ಣೆ ಇದ್ದಿದ್ದರೆ ಎಣ್ಣೆಜಿಡ್ಡಿನ ಕಲೆ ಉಳಿಯಬೇಕಿತ್ತು. ಬ್ರೇಕು ಕಚ್ಚಿಕೊಂಡಿದೆಯೋ ಎಂದು ಓಡಿಸಿ ಬಂದ ಮೇಲೆ ನಾಲ್ಕೂ ಗಾಲಿ ಮುಟ್ಟಿ ನೋಡಿದೆವು, ಯಾವುದೂ ಸುಡುತ್ತಿರಲಿಲ್ಲ. ಹೀಗೆ ಒಂದೊಂದೇ ಆರೋಪಿ ಬಿಡುಗಡೆಯಾಗುತ್ತ ಹೋದಂತೆ ಹೆಂಡತಿಯ ದೃಷ್ಟಿ ನನ್ನ ಮೇಲೆ ಇನ್ನಷ್ಟು ಗಟ್ಟಿಯಾಯಿತು. ಆಕೆ ತನ್ನ ಪಾಲಿನ ಪ್ರಯತ್ನವಾಗಿ ಹುಚ್ಚುರಾಯನಿಗೆ ಹಣ್ಣುಕಾಯಿ ಮಾಡಿಸಿ, ನಾಲ್ಕೂ ಗಾಲಿಗೆ ನಿಂಬೆಹಣ್ಣಿಟ್ಟಳು. ಐದನೆಯದೊಂದು ನಿಂಬೆಹಣ್ಣು ನನ್ನ ಅಂಗಿಯ ಜೇಬಿನಲ್ಲಿ ಸಿಕ್ಕಿತು.

ವಿಜ್ಞಾನದ ಮೇಷ್ಟ್ರು ಒಂದು ಮಾತು ಸರಿಯಾಗಿ ಹೇಳಿದ್ದರು: ಊರೊಳಗಿನ ಟೆಸ್ಟಿನಿಂದ ಏನೂ ಗೊತ್ತಾಗುವುದಿಲ್ಲ. ಲೆಕ್ಕ ಹಾಕಿ ತೋರಿಸಿದರು. ಕುದುರೆಬಲ ಎಂದರೆ ಸುಮಾರು 75 ಕಿಲೋ ಭಾರವನ್ನು ಒಂದು ಸೆಕೆಂಡಿಗೆ ಒಂದು ಮೀಟರ್ ಎತ್ತುವ ಶಕ್ತಿ. ಜೇಮ್ಸ್ ವಾಟ್ ತನ್ನ ಉಗಿಯಂತ್ರವನ್ನು ಮಾರಲು, ಗಿರಾಕಿಗಳಿಗೆ ಅರ್ಥವಾಗಲಿ ಎಂದು ಮಾಡಿಕೊಂಡ ಅಳತೆ ಅದು. ಜನ, ಸಾಮಾನು ಸೇರಿ ನಮ್ಮ ಕಾರು ಒಂದು ಟನ್ನು ಅಂದುಕೊಳ್ಳಿ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಸಪಾಟು ರಸ್ತೆಯಲ್ಲಿ ಹೋಗಲು ಮೂರು ಕುದುರೆ ಸಾಕು. ಹತ್ತು ಮೀಟರಿಗೆ ಒಂದು ಮೀಟರ್ ಏರುವ ರಸ್ತೆಯಲ್ಲಿ ಅದೇ ವೇಗದಲ್ಲಿ ಹೋದರೆ, ಸೆಕೆಂಡಿಗೆ ಒಂದು ಮೀಟರಿನಂತೆ ಒಂದು ಟನ್ನನ್ನು ಮೇಲೆತ್ತಿದ ಹಾಗೆ. ಅದಕ್ಕೇ ಇನ್ನೂ ಹದಿಮೂರು ಕುದುರೆ ಬೇಕು. ಮೂರಿದ್ದ ಕಡೆ ಹದಿನಾರು. ಕುದುರೆ ಹೆಚ್ಚಾದ ಹಾಗೆ ಮೇವೂ ಹೆಚ್ಚು ಬೇಕು, ಅಂದರೆ ಪೆಟ್ರೋಲು. ಸಪಾಟಿನಲ್ಲಿ ಗುಟುಕು ಗುಟುಕಾಗಿ ಕುಡಿಯುತ್ತಿದ್ದ ಎಂಜಿನ್ನು ಏರಿನಲ್ಲಿ ಗಟಗಟ ಕುಡಿಯುತ್ತದೆ. ಅರ್ಧ ಕಟ್ಟಿದ ಗಂಟಲು ಗುಟುಕಿಗೆ ಸಾಕಾಗಬಹುದು, ಗಟಗಟಕ್ಕೆ ಸಾಲದು. ಸುಖದಲ್ಲಿ ಎಲ್ಲರೂ ಗಟ್ಟಿಮುಟ್ಟು, ಏರಿನಲ್ಲೇ ಯೋಗ್ಯತೆ ತಿಳಿಯುವುದು ಎಂದು ಅದಕ್ಕೊಂದು ನೀತಿಯನ್ನೂ ಸೇರಿಸಿದರು. ನೀತಿ ನನಗೆ ಬೇಕಿರಲಿಲ್ಲ. ನಮ್ಮ ಕಾರಿನ ಗಂಟಲು ಕಟ್ಟಿದ್ದು ಎಲ್ಲಿ ಎಂಬುದು ಬೇಕಿತ್ತು.

ನಾಲ್ಕನೇ ಸಲ ಹೊರಟಾಗ ಸೊರಬದಲ್ಲೇ ಒಬ್ಬ ಹಳೆಯ ಮೇಸ್ತ್ರಿಯ ಹತ್ತಿರ ನಿಲ್ಲಿಸಿದೆ. ದಂಡಾವತಿ ನದಿಯ ಊರು ಸೊರಬ. ಶ್ರೀಗಂಧದ ಕೆತ್ತನೆಯ ಗುಡಿಗಾರರಿಗೆ ಹೆಸರಾದ ಊರು. ಗುಡಿಗಾರರು ಕೆತ್ತುವುದನ್ನು ನೋಡಿದವರಿಗೆ ಗೊತ್ತು: ಅವರು ಉಳಿ ಇಡುವುದಕ್ಕಿಂತ ಹೆಚ್ಚು ಹೊತ್ತು ಕೊರಡನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಈ ಮೇಸ್ತ್ರಿಯೂ ಅದೇ ಜಾತಿ. ಸ್ಪ್ಯಾನರ್ ಮುಟ್ಟಲೇ ಇಲ್ಲ. ಬೀಡಿ ಹಚ್ಚಿ, ಕಾರಿನಿಂದ ಮಾರು ದೂರ ನಿಂತು, ಕೇಳಲು ಶುರುಮಾಡಿದರು.

“ನಿಲ್ಲುವಾಗ ಎಂಜಿನ್ ಕೂಗ್ತದಾ, ಕೆಮ್ಮುತ್ತದಾ, ಸೊರಗ್ತದಾ?”

“ಸೊರಗುತ್ತೆ.”

“ಕೂಗಿ ನಿಂತರೆ ಕ್ಲಚ್ಚು. ಕೆಮ್ಮಿ ನಿಂತರೆ ಪ್ಲಗ್ಗು. ಸೊರಗಿ ನಿಂತರೆ ಪೆಟ್ರೋಲು ಬರ್ತಿಲ್ಲ. ಎಷ್ಟು ಹೊತ್ತು ಬಿಟ್ಟರೆ ಮತ್ತೆ ಹೊರಡ್ತದೆ?”

“ಇಪ್ಪತ್ತು ನಿಮಿಷ.”

“ಪೆಟ್ರೋಲ್ ಹಾಕ್ಸಿ ಎಷ್ಟು ದೂರ ಬಂದ ಮೇಲೆ ನಿಂತದ್ದು?”

ಇದನ್ನು ಯಾರೂ ಕೇಳಿರಲಿಲ್ಲ. ಯೋಚಿಸಿದೆ. ಪ್ರತಿ ಸಲವೂ ತವರಿಗೆ ಹೊರಡುವ ಮುಂಚೆ ಶಿಕಾರಿಪುರದಲ್ಲಿ ಟ್ಯಾಂಕ್ ತುಂಬಿಸಿದ್ದೆ. ಪ್ರತಿ ಸಲವೂ ನಲವತ್ತೈದು, ಐವತ್ತು ಕಿಲೋಮೀಟರ್ ಆದ ಮೇಲೆ ನಿಂತಿತ್ತು. ಹೇಳಿದೆ. ಮೇಸ್ತ್ರಿ ಬೀಡಿ ನೆಲಕ್ಕೆ ಹೊಸಕಿದರು. “ನಡೀರಿ ಹೋಗಣ” ಎಂದು ಮುಂದಿನ ಸೀಟಿನಲ್ಲಿ ಕೂತರು. ಹೆಂಡತಿ ಹಿಂದೆ ಹೋದಳು.

ಏರು ಬಂತು. ಸದ್ದು ಇಳಿಯಿತು. ಎರಡನೇ ಗೇರು, ಮೊದಲನೇ ಗೇರು. ಕಾರು ನಿಂತಿತು. ಅಭ್ಯಾಸಬಲದಿಂದ ನಾನು ಬಾನೆಟ್ಟಿನ ಕಡೆ ಹೊರಟೆ. “ಮುಂದೆ ಎಂತ ಅದೆ ಅಲ್ಲಿ? ಹಿಂದೆ ಬನ್ನಿ” ಅಂದರು ಮೇಸ್ತ್ರಿ. ಟ್ಯಾಂಕಿನ ಮುಚ್ಚಳದ ಹತ್ತಿರ ಬಗ್ಗಿ ಕಿವಿ ಕೊಟ್ಟರು. ನನ್ನನ್ನೂ ಬಗ್ಗಿಸಿದರು. ಹೆಂಡತಿಯೂ ಬಗ್ಗಿದಳು. ಮೂರು ತಲೆ ಒಂದು ಕಾರಿನ ಬೆನ್ನಿಗೆ ಅಂಟಿಕೊಂಡದ್ದನ್ನು ನೋಡಿ ಸೈಕಲ್ಲಿನಲ್ಲಿ ಹೋಗುತ್ತಿದ್ದ ಹುಡುಗನೊಬ್ಬ ಕಾಲೂರಿ ನಿಂತ. ಮೇಸ್ತ್ರಿ ಕೀಲಿ ತಿರುಗಿಸಿ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿದರು.

ಸ್ಸ್ಸ್... ಎಂದು ಸದ್ದಾಯಿತು. ಗಾಳಿ ಹೊರಗೆ ಬಂದ ಸದ್ದಲ್ಲ, ಒಳಗೆ ಹೋದ ಸದ್ದು. ನೀರಿನಲ್ಲಿ ಮುಳುಗಿ ಎದ್ದವನು ಮೊದಲ ಉಸಿರು ಎಳೆದುಕೊಂಡ ಹಾಗೆ, ಉದ್ದಕ್ಕೆ. ಅದು ಮುಗಿಯುವ ಹೊತ್ತಿಗೆ ಕಾರಿನ ಹೊಟ್ಟೆಯ ಕೆಳಗೆ ಎಲ್ಲೋ ತಗಡು “ಡುಬ್” ಎಂದಿತು. ಒಳಕ್ಕೆ ಸೆಳೆದುಕೊಂಡಿದ್ದ ಟ್ಯಾಂಕಿನ ತಗಡು ತನ್ನ ಜಾಗಕ್ಕೆ ವಾಪಸು ಬಂದಿತ್ತು.

“ಈಗ ಹೊಡೀರಿ” ಅಂದರು. ಒಂದೆರಡು ಸಲ ಸ್ಟಾರ್ಟರ್ ತಿರುಗಿತು, ಎಂಜಿನ್ ಹಿಡಿಯಿತು. ಇಪ್ಪತ್ತು ನಿಮಿಷ ಕಾಯಲಿಲ್ಲ, ಟವೆಲ್ ನೆನೆಸಲಿಲ್ಲ. ಮುಚ್ಚಳ ಮೇಸ್ತ್ರಿಯ ಕೈಯಲ್ಲೇ ಇತ್ತು, ಕಾರು ಎರಡನೇ ಗೇರಿನಲ್ಲಿ ಏರು ಹತ್ತಿ ಮೇಲೆ ಹೋಗಿ ನಿಂತಿತು.

ಮೇಲೆ ಮರದ ನೆರಳಿನಲ್ಲಿ ಮೇಸ್ತ್ರಿ ವಿವರಿಸಿದರು. ಟ್ಯಾಂಕಿನಿಂದ ಒಂದು ಲೀಟರ್ ಪೆಟ್ರೋಲ್ ಹೋದರೆ ಆ ಜಾಗಕ್ಕೆ ಒಂದು ಲೀಟರ್ ಗಾಳಿ ಬರಬೇಕು. ಅದಕ್ಕೇ ಕಂಪನಿಯ ಮುಚ್ಚಳದಲ್ಲಿ ಒಂದು ಸಣ್ಣ ಕವಾಟ ಇರುತ್ತದೆ. ಗಾಳಿಯನ್ನು ಒಳಗೆ ಬಿಡುತ್ತದೆ, ಆವಿಯನ್ನು ಹೊರಗೆ ಬಿಡುವುದಿಲ್ಲ. ನಾನು ತಂದ ಗಟ್ಟಿ ಮುಚ್ಚಳಕ್ಕೆ ಬೀಗ ಇತ್ತು, ರಬ್ಬರ್ ಇತ್ತು, ಅದೊಂದೇ ಇರಲಿಲ್ಲ. ಎಂಜಿನ್ ಎಳೆದಷ್ಟೂ ಟ್ಯಾಂಕಿನೊಳಗೆ ಖಾಲಿ ಬೆಳೆಯುತ್ತ ಹೋಗುತ್ತಿತ್ತು. ಟ್ಯಾಂಕ್ ತುಂಬಿಸಿದ ದಿನ ಮೇಲೆ ಉಳಿಯುವ ಗಾಳಿಯೇ ಕಡಿಮೆ, ಆದ್ದರಿಂದ ಬಿಗಿತ ಬೇಗ ಏರುತ್ತಿತ್ತು. ನಲವತ್ತು ಚಿಲ್ಲರೆ ಕಿಲೋಮೀಟರ್ ಹೇಗೋ ಎಳೆದು, ಹೆಚ್ಚು ಪೆಟ್ರೋಲ್ ಬೇಕಾದ ಏರಿನಲ್ಲಿ ಪಂಪು ಸೋಲುತ್ತಿತ್ತು. ಅರ್ಧ ಟ್ಯಾಂಕಿನಲ್ಲಿ ಊರೊಳಗೆ ಓಡಾಡುವಾಗ ಒಳಗೆ ಗಾಳಿ ಧಾರಾಳ, ತೊಂದರೆಯಿಲ್ಲ. ನಿಲ್ಲಿಸಿ ಇಪ್ಪತ್ತು ನಿಮಿಷ ಬಿಟ್ಟರೆ ರಬ್ಬರಿನ ಸಂದಿಯಿಂದ ಗಾಳಿ ಜಿನುಗಿ ಸ್ವಲ್ಪ ಸಡಿಲವಾಗುತ್ತಿತ್ತು. ಮಾವನ ಮನೆಯಲ್ಲಿ ರಾತ್ರಿಯಿಡೀ ನಿಂತಾಗ ಪೂರಾ ಸಡಿಲ. ಬೆಳಿಗ್ಗೆ ಹೊರಟರೆ ಮೊದಲು ಸಿಗುವುದು ಇಳಿಜಾರು, ಟ್ಯಾಂಕಿನಲ್ಲೂ ಬೇಕಾದಷ್ಟು ಜಾಗ. ಹೆಂಡತಿಯ ಎಲ್ಲ ಆರೋಪಗಳಿಗೂ ಒಂದೇ ಉತ್ತರ. ರಬ್ಬರ್ ಬ್ಯಾಂಡಿನ ಪ್ಲಾಸ್ಟಿಕ್ ಕವರು ಇದ್ದ ಆ ಒಂದು ವಾರ ಕಾರು ಏಕೆ ಅಷ್ಟು ಚೆನ್ನಾಗಿತ್ತು ಎಂಬುದಕ್ಕೂ.

ಪುಸ್ತಕ ಓದಿದವನಿಗೆ ಪುಸ್ತಕವೇ ನೆನಪಾಗುವುದು. ಹದಿನೇಳನೇ ಶತಮಾನದಲ್ಲಿ ಜರ್ಮನಿಯ ಮಾಗ್ಡೆಬರ್ಗ್ ಎಂಬ ಊರಿನ ಮೇಯರ್ ಓಟ್ಟೊ ಫಾನ್ ಗೆರಿಕೆ, ತಾಮ್ರದ ಎರಡು ಅರ್ಧಗೋಳಗಳನ್ನು ಜೋಡಿಸಿ ಒಳಗಿನ ಗಾಳಿ ತೆಗೆದು, ಎರಡೂ ಕಡೆಗೆ ಕುದುರೆಗಳ ಸಾಲು ಕಟ್ಟಿ ಎಳೆಸಿದ. ಬಿಡಿಸಲು ಆಗಲಿಲ್ಲ. ಕವಾಟ ತೆರೆದು ಗಾಳಿ ಬಿಟ್ಟ ಕೂಡಲೇ ತಾವಾಗಿ ಬಿಟ್ಟುಕೊಂಡವು. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ವಾತಾವರಣ ಸುಮಾರು ಒಂದು ಕಿಲೋ ಭಾರ ಹೇರಿ ಕೂತಿದೆ. ಒಳಗೂ ಗಾಳಿ ಇರುವತನಕ ಅದು ನಮಗೆ ಗೊತ್ತಾಗುವುದಿಲ್ಲ. ನನ್ನ ನಲವತ್ತು ಕುದುರೆಗಳೂ ಆ ಮೇಯರನ ಕುದುರೆಗಳ ಹಾಗೆ ಬರಿದಿನ ಎದುರು ಸೋತಿದ್ದವು. ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಬಯಲಿನ ಮಹಿಮೆಯನ್ನು ಲೋಕಕ್ಕೆ ಹೇಳಿದವನ ಊರಿನ ಪಕ್ಕದಲ್ಲೇ ಹಾದುಹೋಗುತ್ತ ನಾನು ಡಿಕ್ಕಿಯ ಅಡಿಯಲ್ಲಿ ಕೆಲವೇ ಲೀಟರಿನ ಬಯಲೊಂದನ್ನು ಬೀಗ ಹಾಕಿ ಸಾಗಿಸುತ್ತಿದ್ದೆ!

ಇದೆಲ್ಲವನ್ನೂ ಹೆಂಡತಿಗೆ ಹೇಳಲು ಬಾಯಿ ತೆರೆದೆ. ಆಕೆ ಅಷ್ಟರಲ್ಲಿ ಮೇಸ್ತ್ರಿಗೆ ಹೇಳುತ್ತಿದ್ದಳು: “ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದ್ರೆ ಹಿಂಗೇ ಅಲ್ವಾ? ಗಳಕ್ ಗಳಕ್ ಅಂತ ನಿಂತೋಗುತ್ತೆ. ಎದುರಿಗೆ ಇನ್ನೊಂದು ತೂತು ಹೊಡೀಬೇಕು.” ಮೇಸ್ತ್ರಿ, “ಅಷ್ಟೇ ಅಮ್ಮ, ಅಷ್ಟೇ” ಅಂದರು. ಗೆರಿಕೆಯನ್ನು ನಾನು ನುಂಗಿಕೊಂಡೆ.

ಮುಚ್ಚಳವನ್ನು ದೂರ ಒಯ್ದು ಕಲ್ಲಿನ ಮೇಲಿಟ್ಟು ಒಂದು ಸಣ್ಣ ಮೊಳೆಯಿಂದ ತೂತು ಹೊಡೆದುಕೊಟ್ಟರು. “ಇದು ಇವತ್ತಿಗೆ. ಮಳೆಗಾಲದಲ್ಲಿ ನೀರು ಇಳಿತದೆ. ಸರಿಯಾದ ಕವಾಟದ ಮುಚ್ಚಳ ತಗೊಳ್ಳಿ” ಎಂದು ಎಚ್ಚರಿಸಿದರು. ಎಷ್ಟು ಕೊಡಲಿ ಎಂದೆ. “ಎಂತ ಕೆಲಸ ಮಾಡಿದೀನಿ ನಾನು? ಟೀ ಕುಡ್ಸಿ” ಅಂದರು. ಅಲ್ಲಿಯವರೆಗೆ ನಾನು ಪ್ಲಗ್ಗು, ಪಂಪು, ಫಿಲ್ಟರು, ಕಾರ್ಬೊರೇಟರಿಗೆ ಕೊಟ್ಟಿದ್ದು ಒಂದು ತಿಂಗಳ ಸಂಬಳದ ಕಾಲು ಭಾಗ.

ಮಾವನ ಮನೆಗೆ ಹೋದಾಗ ಅವರು ಗಾಡಿಯಿಂದ ಎತ್ತು ಬಿಚ್ಚುತ್ತಿದ್ದರು. ಹಗ್ಗ ಕಳಚಿದ ಕೂಡಲೇ ಎತ್ತು ಕೊರಳು ಚಾಚಿ ಬುಸ್ಸೆಂದು ಉಸಿರು ಬಿಟ್ಟಿತು. ನಡೆದದ್ದನ್ನೆಲ್ಲ ಹೇಳಿದೆ. ಕೊರಳು ನೋಡಿ ಅಂದಿರಲಿಲ್ಲವೇ ಎಂದು ಕೇಳುತ್ತಾರೆ, ತಲೆ ತಗ್ಗಿಸೋಣ ಎಂದು ಸಿದ್ಧನಾಗಿದ್ದೆ. ಕೇಳಲಿಲ್ಲ. ತೂತು ಬಿದ್ದ ಮುಚ್ಚಳವನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಬೀಗದ ಕಿಂಡಿಯನ್ನು ಹೆಬ್ಬೆರಳಿನಿಂದ ಸವರಿದರು.

“ಎಷ್ಟು ಪೆಟ್ರೋಲ್ ಕಳುವಾಗಿತ್ತು ಅಳಿಯಂದ್ರೆ, ಇದನ್ನ ಹಾಕೋಕ್ಕೆ ಮುಂಚೆ?”

“ಒಂದು ತೊಟ್ಟೂ ಇಲ್ಲ ಮಾವ.”

“ಹಂಗಾರೆ ಬೀಗ ಯಾರಿಗೆ ಹಾಕಿದ್ದು?” ಎಂದು ಕೇಳಿ, ಉತ್ತರಕ್ಕೆ ಕಾಯದೆ, ಎತ್ತಿಗೆ ನೀರು ಕುಡಿಸಲು ಹೋದರು.